ಮನೆಯ ಕಂಪ್ಯೂಟರಿನಲ್ಲಿ ಡಿಜಿಟಲ್ ಗುರುತು: ಕಟ್ಟಿ, ಕೆಡವಿ, ಮತ್ತೆ ಕಟ್ಟಿದ ದಾಖಲೆ

ಈ ಕೆಲಸ ಶುರುವಾದದ್ದು ಒಂದು ದುರಸ್ತಿಯಿಂದ. ನಮ್ಮ ಮನೆಯಲ್ಲಿ ಮೂವರು ಹಂಚಿಕೊಂಡು ಬಳಸುವ, ಒಂಬತ್ತು ವರ್ಷ ಹಳೆಯದಾದ ಡೆಸ್ಕ್‌ಟಾಪ್ ಒಂದಿದೆ. ಲಿನಕ್ಸ್ ಹಾಕಿಕೊಂಡು ನಡೆಸುತ್ತಿದ್ದೇನೆ. ಒಂದು ಬೆಳಿಗ್ಗೆ ಇಮೇಲ್ ಖಾತೆಯನ್ನು ತೆರೆಯಲು ಹೋದಾಗ ಪಾಸ್‌ವರ್ಡ್ ಸರಿಯಾಗಿಯೇ ಹೊಂದಿತು, ಆದರೆ ಅದರ ನಂತರ ಕೇಳುವ ಆರು ಅಂಕಿಯ ಸಂಕೇತವನ್ನು ತಾಣ ತಿರಸ್ಕರಿಸಿತು. ಆ ಸಂಕೇತವನ್ನು ನಾನು ಮೊಬೈಲಿನಿಂದಲ್ಲ, ಅದೇ ಕಂಪ್ಯೂಟರಿನಲ್ಲಿರುವ ಪಾಸ್‌ವರ್ಡ್ ನಿರ್ವಾಹಕ ತಂತ್ರಾಂಶದಿಂದ ಪಡೆಯುತ್ತಿದ್ದೆ. ತಪ್ಪಾಗಿ ಟೈಪ್ ಮಾಡಿರಬೇಕೆಂದು ಮತ್ತೆ ಹಾಕಿದೆ, ಮತ್ತೊಮ್ಮೆ ಹಾಕಿದೆ. ಐದಾರು ಸಲ ಹೀಗಾದ ಮೇಲೆ ಖಾತೆಗೆ ಒಂದು ಗಂಟೆಯ ತಡೆ ಬಿತ್ತು. ಯಾರೋ ಒಳನುಗ್ಗಿ ಖಾತೆಯ ರಹಸ್ಯವನ್ನೇ ಬದಲಿಸಿದ್ದಾರೆ ಎಂಬ ಅನುಮಾನ ಬಂದು, ಸಂಕೇತ ಕೇಳದ ಉಳಿದ ಖಾತೆಗಳ ಪಾಸ್‌ವರ್ಡ್‌ಗಳನ್ನು ಬದಲಿಸುವುದರಲ್ಲೇ ಆ ದಿನವೆಲ್ಲ ಕಳೆಯಿತು. ಮೂರನೆಯ ದಿನ ಬ್ರೌಸರ್ ಯಾವ ತಾಣವನ್ನೂ ತೆರೆಯದೆ, ತಾಣದ ಪ್ರಮಾಣಪತ್ರ ಇನ್ನೂ ಜಾರಿಗೆ ಬಂದಿಲ್ಲ ಎಂಬ ವಿಚಿತ್ರ ಎಚ್ಚರಿಕೆಯನ್ನು ಕೊಟ್ಟಾಗಲಷ್ಟೇ ನನ್ನ ಕಣ್ಣು ಪರದೆಯ ಮೂಲೆಯ ಗಡಿಯಾರದ ಕಡೆ ಹೋಯಿತು. ಅದು ಎಷ್ಟೋ ವರ್ಷ ಹಿಂದಿನ ಜನವರಿ ತಿಂಗಳನ್ನು ತೋರಿಸುತ್ತಿತ್ತು.

ಮೂರು ವೋಲ್ಟಿನ ಬಟನ್ ಸೆಲ್

ಕಂಪ್ಯೂಟರಿನ ಪ್ಲಗ್ ತೆಗೆದಾಗಲೂ ಗಡಿಯಾರ ಓಡುತ್ತಿರಲೆಂದು ಮದರ್‌ಬೋರ್ಡಿನ ಮೇಲೆ ಸಿಆರ್2032 ಎಂಬ ಬಟನ್ ಸೆಲ್ ಇರುತ್ತದೆ. ಅದರ ಗೊತ್ತುಪಡಿಸಿದ ವೋಲ್ಟೇಜು 3. ಪ್ಲಗ್ ತೆಗೆದು, ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಬರಿದುಮಾಡಿ, ಸೆಲ್ಲನ್ನು ಹೊರತೆಗೆದು ಮಲ್ಟಿಮೀಟರಿನಲ್ಲಿ ಅಳೆದಾಗ 2.2 ವೋಲ್ಟ್ ಬಂತು. ಅಲ್ಲಿಗೆ ಮೂರು ದಿನಗಳ ಕಥೆ ಬಿಚ್ಚಿಕೊಂಡಿತು. ಮೊದಲ ರಾತ್ರಿ ಸೆಲ್ ಸೊರಗಿ, ಗಡಿಯಾರ ನಡುನಡುವೆ ನಿಂತು, ಬೆಳಿಗ್ಗೆ ಸುಮಾರು ನಲವತ್ತು ನಿಮಿಷ ಹಿಂದೆ ಬಿದ್ದಿತ್ತು. ಅಂತರಜಾಲದಿಂದ ಸಮಯ ಪಡೆದು ತಿದ್ದಬೇಕಾದ ಎನ್‌ಟಿಪಿ ಸೇವೆ ಅದನ್ನು ಸರಿಪಡಿಸಲಿಲ್ಲ, ಏಕೆಂದರೆ ನಾನು ಬಳಸುತ್ತಿದ್ದ ಎನ್‌ಟಿಪಿಡಿ ತಂತ್ರಾಂಶವು ವ್ಯತ್ಯಾಸ 1000 ಸೆಕೆಂಡನ್ನು ಮೀರಿದರೆ ಏನೋ ಗಂಭೀರ ತಪ್ಪಾಗಿದೆಯೆಂದು ಭಾವಿಸಿ, ತಿದ್ದುವುದನ್ನು ಬಿಟ್ಟು ತಾನೇ ನಿಂತುಹೋಗುತ್ತದೆ. ಆರಂಭದಲ್ಲಿ ಒಂದು ಸಲ ಮಾತ್ರ ಎಷ್ಟು ದೊಡ್ಡ ವ್ಯತ್ಯಾಸವಿದ್ದರೂ ತಿದ್ದಲು ಬಿಡುವ ಆಯ್ಕೆಯೊಂದು ಅದರಲ್ಲಿದೆ. ಅದನ್ನು ಹಿಂದೆಂದೋ ಏನೋ ಪ್ರಯೋಗ ಮಾಡುವಾಗ ತೆಗೆದುಹಾಕಿದ್ದವನು ನಾನೇ.

ಸಂಕೇತ ಏಕೆ ತಿರಸ್ಕೃತವಾಯಿತು ಎಂಬುದು ಇದರಿಂದಲೇ ಸ್ಪಷ್ಟವಾಗುತ್ತದೆ. 2011ರಲ್ಲಿ ಪ್ರಮಾಣಿತವಾದ ಟಿಒಟಿಪಿ ವಿಧಾನದಲ್ಲಿ ತಾಣದ ಬಳಿ ಮತ್ತು ನಮ್ಮ ಬಳಿ ಒಂದೇ ರಹಸ್ಯವಿರುತ್ತದೆ. 1970ರ ಜನವರಿ 1ರಿಂದ ಈ ಕ್ಷಣದವರೆಗೆ ಎಷ್ಟು 30 ಸೆಕೆಂಡುಗಳ ಅವಧಿಗಳು ಕಳೆದಿವೆ ಎಂಬ ಸಂಖ್ಯೆಯನ್ನು ಆ ರಹಸ್ಯದೊಡನೆ ಬೆರೆಸಿ ಹ್ಯಾಶ್ ಮಾಡಿ (ಹಿಂದಕ್ಕೆ ಬಿಡಿಸಲಾಗದ ಗಣಿತದ ಲೆಕ್ಕಕ್ಕೆ ಒಡ್ಡಿ), ಬಂದ ಫಲದಿಂದ ಆರು ಅಂಕಿಗಳನ್ನು ಆರಿಸಲಾಗುತ್ತದೆ. ತಾಣಗಳು ಸಾಮಾನ್ಯವಾಗಿ ಒಂದು ಅವಧಿಯಷ್ಟು ಹಿಂದುಮುಂದನ್ನು ಸಹಿಸುತ್ತವೆ. ನಲವತ್ತು ನಿಮಿಷವೆಂದರೆ ಎಂಬತ್ತು ಅವಧಿ. ರಹಸ್ಯ ಸರಿಯಾಗಿತ್ತು, ಲೆಕ್ಕವೂ ಸರಿಯಾಗಿತ್ತು, ದಿನದ ಹೊತ್ತು ಮಾತ್ರ ತಪ್ಪಾಗಿತ್ತು.

ಹೊಸ ಸೆಲ್ಲನ್ನು ಧನ ಚಿಹ್ನೆ ಮೇಲೆ ಬರುವಂತೆ ಕೂರಿಸಿ, ಕಂಪ್ಯೂಟರ್ ಏಳುವಾಗ ಮೊದಲು ಓಡುವ ಮೂಲ ತಂತ್ರಾಂಶವಾದ ಬಯಾಸ್‌ನಲ್ಲಿ ಸಮಯ ಹೊಂದಿಸಿ, ಅಳಿಸಿಹೋಗಿದ್ದ ಬೂಟ್ ಕ್ರಮವನ್ನು ಮತ್ತೆ ಬರೆದು, ಎನ್‌ಟಿಪಿಡಿಯ ಆ ಆಯ್ಕೆಯನ್ನು ಮರಳಿ ಸೇರಿಸಲು ಇಪ್ಪತ್ತು ನಿಮಿಷ ಸಾಕಾಯಿತು. ಆದರೆ ಮನೆಯ ಅತ್ಯಂತ ಅಗ್ಗದ ಬಿಡಿಭಾಗವೊಂದು ಸೊರಗಿದ್ದಕ್ಕೆ ಮೂರು ದಿನ ನನ್ನ ಖಾತೆಗೆ ನಾನೇ ಪರಕೀಯನಾದೆನಲ್ಲ ಎಂಬುದು ಕಾಡಿತು. ಗುರುತನ್ನು ಕಾಯಲೆಂದು ಒಂದೊಂದಾಗಿ ಸೇರಿಸಿಕೊಂಡಿದ್ದ ಸಾಧನಗಳಲ್ಲಿ ಯಾವುವು ನಿಜವಾಗಿ ಉಪಯುಕ್ತ, ಯಾವುವು ಹೊರೆ ಎಂಬುದನ್ನು ತಿಳಿಯಲು ಎಲ್ಲವನ್ನೂ ಬುಡದಿಂದ ಮತ್ತೆ ಕಟ್ಟಲು ನಿರ್ಧರಿಸಿದೆ. ಮುಂದಿನದು ಆರು ತಿಂಗಳ ಆ ಕೆಲಸದ ವಿವರ.

ಮೊದಲು ಕಾಗದದ ಮೇಲೆ

ಯಾವ ತಂತ್ರಾಂಶವನ್ನೂ ಮುಟ್ಟದೆ ಒಂದು ಸಂಜೆಯನ್ನು ಪಟ್ಟಿ ಮಾಡಲು ಕೊಟ್ಟೆ. ಮೂವರದೂ ಸೇರಿ 140ಕ್ಕೂ ಹೆಚ್ಚು ಖಾತೆಗಳಿದ್ದವು. ಪ್ರತಿ ಖಾತೆಯ ಪಾಸ್‌ವರ್ಡ್ ಮರೆತರೆ ಅದನ್ನು ಮರಳಿ ಪಡೆಯುವ ದಾರಿ ಎಲ್ಲಿಗೆ ಹೋಗುತ್ತದೆಂದು ಬಾಣದ ಗುರುತು ಹಾಕುತ್ತ ಹೋದಾಗ, ನಿರೀಕ್ಷಿಸಿದಂತೆ ಬಹುತೇಕ ಬಾಣಗಳು ಎರಡೇ ಇಮೇಲ್ ಖಾತೆಗಳಿಗೆ ಬಂದು ಸೇರಿದವು. ನಿರೀಕ್ಷಿಸದೆ ಇದ್ದದ್ದು ಏನೆಂದರೆ, ಆ ಎರಡರಲ್ಲಿ ಮೊದಲನೆಯದಕ್ಕೆ ಎರಡನೆಯದು, ಎರಡನೆಯದಕ್ಕೆ ಮೊದಲನೆಯದು ಮರುಪಡೆಯುವ ವಿಳಾಸವಾಗಿತ್ತು. ಎರಡೂ ಒಟ್ಟಿಗೆ ಕೈತಪ್ಪಿದರೆ ಬಾಣಗಳು ಗಾಣದ ಎತ್ತಿನಂತೆ ಸುತ್ತುತ್ತವೆಯೇ ಹೊರತು ಎಲ್ಲಿಗೂ ತಲುಪುವುದಿಲ್ಲ. ಇನ್ನೂ ಹನ್ನೊಂದು ಖಾತೆಗಳು ಬಳಕೆ ನಿಂತುಹೋದ ಮೊಬೈಲ್ ಸಂಖ್ಯೆಯೊಂದಕ್ಕೆ ಬಾಣ ಚಾಚಿದ್ದವು. ಒಂದು ಸಾಧನವನ್ನೂ ಖರೀದಿಸದೆ, ಪೆನ್ಸಿಲಿನಿಂದ ಸಿಕ್ಕ ಈ ಎರಡು ದೋಷಗಳು ಇಡೀ ಯೋಜನೆಯಲ್ಲಿ ನಾನು ಕಂಡ ಅತ್ಯಂತ ಅಪಾಯಕಾರಿ ದೋಷಗಳೆಂದು ಈಗಲೂ ಅನ್ನಿಸುತ್ತದೆ.

ಪಾಸ್‌ವರ್ಡ್ ಕೋಶ

ಹಳೆಯ ಕೋಶದಲ್ಲಿ ಕಸ ತುಂಬಿದ್ದರಿಂದ ಕೀಪಾಸ್‌ಎಕ್ಸ್‌ಸಿ ತಂತ್ರಾಂಶದಲ್ಲಿ ಹೊಸದನ್ನು ಆರಂಭಿಸಿದೆ. ಇದು ಎಲ್ಲ ಪಾಸ್‌ವರ್ಡ್‌ಗಳನ್ನೂ ಗೂಢಲಿಪಿಯಲ್ಲಿರುವ ಒಂದೇ ಕಡತದಲ್ಲಿಡುತ್ತದೆ. ಆ ಕಡತ ಎಲ್ಲಿರಬೇಕೆಂಬುದು ನಮಗೆ ಬಿಟ್ಟದ್ದು. ಮುಖ್ಯ ಪಾಸ್‌ವರ್ಡಿನಿಂದ ಕೀಲಿಯನ್ನು ಹುಟ್ಟಿಸಲು ಆರ್ಗಾನ್2 ವಿಧಾನವನ್ನು ಆರಿಸಿ, ನಮ್ಮ ಹಳೆಯ ಯಂತ್ರದಲ್ಲಿ ಒಮ್ಮೆ ತೆರೆಯಲು ಒಂದು ಸೆಕೆಂಡು ಬೇಕಾಗುವಷ್ಟು ಭಾರ ಇಟ್ಟೆ. ನಮಗೆ ದಿನಕ್ಕೆ ನಾಲ್ಕು ಸಲ ಒಂದು ಸೆಕೆಂಡು ದೊಡ್ಡದಲ್ಲ. ಕಡತವನ್ನು ಕದ್ದು ಕೋಟಿಗಟ್ಟಲೆ ಊಹೆಗಳನ್ನು ಪರೀಕ್ಷಿಸಬೇಕಾದವನಿಗೆ ಪ್ರತಿಯೊಂದು ಊಹೆಯೂ ದುಬಾರಿಯಾಗುತ್ತದೆ.

ಮುಖ್ಯ ಪಾಸ್‌ವರ್ಡಿಗೆ ದಾಳ ಉರುಳಿಸಿ ಪದಗಳನ್ನು ಆರಿಸುವ ಕ್ರಮವನ್ನು ಹಿಡಿದೆ. ಐದು ದಾಳಗಳಿಂದ 7776 ಪದಗಳ ಪಟ್ಟಿಯಲ್ಲಿ ಒಂದು ಪದ ಸಿಗುತ್ತದೆ. ಆರು ಪದಗಳನ್ನು ಸೇರಿಸಿದರೆ ಸುಮಾರು 77 ಬಿಟ್‌ಗಳಷ್ಟು ಅನಿಶ್ಚಿತತೆ ದೊರೆಯುತ್ತದೆ, ಮನೆಯ ಬಳಕೆಗೆ ಅದು ಧಾರಾಳ. ಇಲ್ಲಿ ಒಂದು ಎಡವಟ್ಟು ಮಾಡಿಕೊಂಡೆ. ನೆನಪಿಗೆ ಸುಲಭವೆಂದು ಕನ್ನಡ ಪದಗಳನ್ನೇ, ಕನ್ನಡ ಲಿಪಿಯಲ್ಲೇ ಬಳಸಿದೆ. ಡೆಸ್ಕ್‌ಟಾಪಿನಲ್ಲಿ ತೆರೆದ ಕೋಶ ಮೊಬೈಲಿನಲ್ಲಿ ತೆರೆಯಲಿಲ್ಲ. ಅಕ್ಷರಗಳನ್ನು ಒಂದೊಂದಾಗಿ ಹೋಲಿಸಿ ನೋಡಿದರೂ ವ್ಯತ್ಯಾಸ ಕಾಣಲಿಲ್ಲ. ಕಾಣುವ ಹಾಗೂ ಇರಲಿಲ್ಲ. ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ‘ಕೊ’ ಅಕ್ಷರದ ಒತ್ವವನ್ನು ಒಂದೇ ಸಂಕೇತಬಿಂದುವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವಗಳ ಎರಡು ಬಿಂದುಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹ್ಯಾಶಿಗೆ ಎರಡೂ ಬೇರೆ. ಒಂದು ಕೀಲಿಮಣೆ ಮೊದಲನೆಯ ರೂಪವನ್ನೂ ಇನ್ನೊಂದು ಎರಡನೆಯ ರೂಪವನ್ನೂ ಕೊಡುತ್ತಿತ್ತು. ಅರ್ಕಾವೊತ್ತಿನ ಜಾಗದಲ್ಲಿ ಕಣ್ಣಿಗೆ ಕಾಣದ ಜೋಡಕ ಅಕ್ಷರಗಳು ನುಸುಳುವ ಸಾಧ್ಯತೆ ಬೇರೆ. ಲ್ಯಾಟಿನ್ ಅಕ್ಷರಗಳಲ್ಲಿ ಕನ್ನಡ ಬರೆಯೋಣವೆಂದರೆ ದೀರ್ಘಕ್ಕೆ ಒಂದು ಅಕ್ಷರವೋ ಎರಡೋ ಎಂಬುದನ್ನು ಆರು ತಿಂಗಳ ನಂತರ ನೆನಪಿಡುವವರು ಯಾರು? ಕೊನೆಗೆ ಇಂಗ್ಲಿಷ್ ಪಟ್ಟಿಗೇ ಮರಳಿದೆ. ಭಾಷಾಭಿಮಾನಕ್ಕೆ ತುಸು ನೋವಾಯಿತು, ಕೋಶ ಮಾತ್ರ ಎಲ್ಲೆಡೆ ತೆರೆಯಿತು.

ಕೋಶದಿಂದ ಆದ ದೊಡ್ಡ ಉಪಕಾರ ಪಾಸ್‌ವರ್ಡ್ ನೆನಪಿಡುವ ಶ್ರಮ ತಪ್ಪಿದ್ದಲ್ಲ. ಬ್ರೌಸರಿಗೆ ಜೋಡಿಸಿದ ಅದರ ವಿಸ್ತರಣೆಯು ತಾಣದ ವಿಳಾಸ ಹೊಂದಿದರೆ ಮಾತ್ರ ಪಾಸ್‌ವರ್ಡನ್ನು ತುಂಬಲು ಮುಂದೆ ಬರುತ್ತದೆ. ನಾಲ್ಕನೆಯ ವಾರ ಮನೆಯವರೊಬ್ಬರಿಗೆ ಪಾರ್ಸೆಲ್ ಬಗೆಗಿನ ಸಂದೇಶವೊಂದು ಬಂದು, ಅದರ ಕೊಂಡಿಯನ್ನು ಒತ್ತಿದಾಗ ಪರಿಚಿತ ಪುಟವೇ ತೆರೆದುಕೊಂಡಿತು. ವಿಸ್ತರಣೆ ಮಾತ್ರ ಸುಮ್ಮನೆ ಕುಳಿತಿತ್ತು. ‘ಇವತ್ತು ಇದು ಯಾಕೋ ಕೆಲಸ ಮಾಡುತ್ತಿಲ್ಲ, ನೀವೇ ಬಂದು ನೋಡಿ’ ಎಂದು ಕರೆದರು. ಹೋಗಿ ನೋಡಿದರೆ ವಿಳಾಸದಲ್ಲಿ ಒಂದು ಅಕ್ಷರ ಹೆಚ್ಚಿತ್ತು. ಆ ಮೌನವೇ ಎಚ್ಚರಿಕೆ ಎಂಬುದನ್ನು ಅಂದು ವಿವರಿಸಿದ ಮೇಲೆ ಮತ್ತೆ ಹೇಳಬೇಕಾಗಿ ಬಂದಿಲ್ಲ.

ಆರಂಕಿಯ ಸಂಕೇತಗಳ ರಹಸ್ಯವನ್ನೂ ಇದೇ ಕೋಶದಲ್ಲಿಡುವುದು ಸರಿಯೇ ಎಂಬುದು ಹಳೆಯ ವಾದ. ಎರಡು ಬೀಗಗಳ ಕೀಲಿಕೈಗಳನ್ನು ಒಂದೇ ಗೊಂಚಲಿಗೆ ಹಾಕಿದಂತಾಯಿತು ಎನ್ನುವವರ ಮಾತು ತಪ್ಪಲ್ಲ. ಆದರೆ ತಾಣದ ಕಡೆಯಿಂದ ಪಾಸ್‌ವರ್ಡ್ ಸೋರಿದಾಗ ಈ ವ್ಯವಸ್ಥೆಯೂ ಕಾಪಾಡುತ್ತದೆ, ಮನೆಯ ಬಳಕೆದಾರನಿಗೆ ಹೆಚ್ಚಾಗಿ ಎದುರಾಗುವುದೂ ಆ ಬಗೆಯ ಸೋರಿಕೆಯೇ. ಆದ್ದರಿಂದ ಸಾಧಾರಣ ಖಾತೆಗಳಿಗೆಲ್ಲ ಒಂದೇ ಗೊಂಚಲು, ಎರಡು ಇಮೇಲ್ ಖಾತೆಗಳಿಗೂ ಹಣದ ಖಾತೆಗಳಿಗೂ ಬೇರೆ ವ್ಯವಸ್ಥೆ ಎಂದು ಗೆರೆ ಎಳೆದೆ.

ಸೆಕ್ಯುರಿಟಿ ಕೀ

ಆ ಬೇರೆ ವ್ಯವಸ್ಥೆಯೆಂದರೆ ಯುಎಸ್‌ಬಿಗೆ ಚುಚ್ಚುವ ಎರಡು ಸೆಕ್ಯುರಿಟಿ ಕೀಗಳು. ಒಂದೇ ಕೊಂಡರೆ ಕೊಳ್ಳದಿರುವುದೇ ಮೇಲು, ಕಾರಣ ಮುಂದೆ ತಿಳಿಯುತ್ತದೆ. ಇವುಗಳ ಹಿಂದಿರುವ ವೆಬ್‌ಆಥನ್ ಮಾನಕವನ್ನು ವೆಬ್ ಮಾನಕಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2019ರ ಮಾರ್ಚ್‌ನಲ್ಲಿ ಅಂಗೀಕರಿಸಿತು. ಪ್ರತಿಯೊಂದು ತಾಣಕ್ಕೂ ಕೀ ಪ್ರತ್ಯೇಕವಾದ ಒಂದು ಜೋಡಿ ಕೀಲಿಗಳನ್ನು ಹುಟ್ಟಿಸುತ್ತದೆ. ಸಾರ್ವಜನಿಕ ಕೀಲಿ ತಾಣಕ್ಕೆ ಹೋಗುತ್ತದೆ, ಖಾಸಗಿ ಕೀಲಿ ಸಾಧನವನ್ನು ಬಿಟ್ಟು ಹೊರಬರುವುದಿಲ್ಲ. ಪ್ರವೇಶದ ಸಮಯದಲ್ಲಿ ತಾಣವು ಪ್ರತಿ ಬಾರಿಯೂ ಹೊಸದಾದ ಒಂದು ಸವಾಲನ್ನು ಕಳುಹಿಸುತ್ತದೆ, ಬ್ರೌಸರ್ ಅದರೊಡನೆ ತಾನು ನಿಂತಿರುವ ತಾಣದ ವಿಳಾಸವನ್ನೂ ಸೇರಿಸುತ್ತದೆ, ನಾವು ಬೆರಳಿನಿಂದ ಮುಟ್ಟಿದಾಗ ಕೀ ಅದಕ್ಕೆ ಸಹಿ ಹಾಕುತ್ತದೆ. ನಕಲಿ ತಾಣದಲ್ಲಿ ಬಳಕೆದಾರ ಎಷ್ಟೇ ಮೋಸಹೋದರೂ ಆ ಸಹಿ ಅಸಲಿ ತಾಣದಲ್ಲಿ ನಡೆಯುವುದಿಲ್ಲ. ಬಟನ್ ಸೆಲ್ಲಿನ ಅನುಭವದ ನಂತರ ನನಗೆ ಇನ್ನೊಂದು ಗುಣವೂ ಹಿತವೆನಿಸಿತು: ಈ ಕೀಯೊಳಗೆ ಗಡಿಯಾರವೂ ಇಲ್ಲ, ಬ್ಯಾಟರಿಯೂ ಇಲ್ಲ.

ಜೋಡಿಸಲು ಹೋದ ಮೊದಲ ದಿನ ಕೀ ಒಮ್ಮೆ ಕಾಣಿಸಿ, ಒಮ್ಮೆ ಮಾಯವಾಗುತ್ತಿತ್ತು. ಸಾಧನಕ್ಕೆ ಸಾಮಾನ್ಯ ಬಳಕೆದಾರನ ಅನುಮತಿ ಇಲ್ಲವೆಂದು ಭಾವಿಸಿ ವ್ಯವಸ್ಥೆಯ ನಿಯಮದ ಕಡತಗಳನ್ನು ಎರಡು ಗಂಟೆ ತಿದ್ದಿದೆ. ಕೊನೆಗೆ ತಿಳಿದದ್ದು, ಕ್ಯಾಬಿನೆಟ್ಟಿನ ಮುಂಭಾಗದ ಯುಎಸ್‌ಬಿ ಕಿಂಡಿ ಸಡಿಲವಾಗಿದೆ ಎಂದು. ಹಿಂಭಾಗದ ಕಿಂಡಿಯಿಂದ ಒಂದು ಚಿಕ್ಕ ವಿಸ್ತರಣಾ ಕೇಬಲನ್ನು ಮೇಜಿನ ಅಂಚಿಗೆ ತಂದು ಅಂಟಿಸಿದ ಮೇಲೆ ತೊಂದರೆ ಮರುಕಳಿಸಿಲ್ಲ. ತಂತಿ ನೋಡುವ ಮುನ್ನ ತಂತ್ರಾಂಶವನ್ನು ದೂರುವ ನನ್ನ ಅಭ್ಯಾಸ ಮಾತ್ರ ಹಾಗೇ ಇದೆ.

ಕೀಯ ಪಿನ್ ವಿಷಯದಲ್ಲಿ ಎಚ್ಚರ ಬೇಕು. ಒಂದೇ ಸಮನೆ ಮೂರು ಸಲ ತಪ್ಪಿದರೆ ಕೀಯನ್ನು ಕಿತ್ತು ಮತ್ತೆ ಚುಚ್ಚಬೇಕು. ಒಟ್ಟು ಎಂಟು ಸಲ ತಪ್ಪಿದರೆ ಅದು ಪೂರ್ತಿ ಬೀಗ ಹಾಕಿಕೊಳ್ಳುತ್ತದೆ. ಆಮೇಲೆ ಉಳಿಯುವ ದಾರಿ ಎಲ್ಲವನ್ನೂ ಅಳಿಸಿ ಹೊಸದರಂತೆ ಮಾಡುವುದೊಂದೇ. ಮನೆಯ ಮೂವರೂ ಒಂದೇ ಕೀಯನ್ನು ಬಳಸುವ ಯೋಚನೆಯನ್ನು ಇದೇ ಕಾರಣಕ್ಕೆ ಕೈಬಿಟ್ಟು, ಈ ಎರಡನ್ನು ನನ್ನ ಹೆಸರಿಗೂ ಇನ್ನೆರಡನ್ನು ಉಳಿದವರ ಹೆಸರಿಗೂ ಇಟ್ಟುಕೊಂಡೆವು.

ಬೇಸರ ತರುವ ಕೆಲಸ ಎರಡನೆಯ ಕೀಯನ್ನು ನೋಂದಾಯಿಸುವುದು. ಖಾಸಗಿ ಕೀಲಿ ಹೊರಬರುವುದೇ ಇಲ್ಲವಾದ್ದರಿಂದ ಒಂದರ ನಕಲನ್ನು ಇನ್ನೊಂದಕ್ಕೆ ಮಾಡಲಾಗದು. ಪ್ರತಿ ತಾಣಕ್ಕೂ ಹೋಗಿ ಎರಡನ್ನೂ ಬೇರೆಬೇರೆಯಾಗಿ ನೋಂದಾಯಿಸಬೇಕು, ಮುಂದೆ ಹೊಸ ತಾಣ ಸೇರಿದಾಗಲೂ ಬೀರುವಿನಲ್ಲಿರುವ ಎರಡನೆಯದನ್ನು ಹೊರತೆಗೆಯಬೇಕು. ಯಾವ ತಾಣದಲ್ಲಿ ಯಾವ ಕೀ ಇದೆ ಎಂಬ ಪಟ್ಟಿ ಕಾಗದದ ಮೇಲಿಲ್ಲದಿದ್ದರೆ ಮೂರು ತಿಂಗಳಲ್ಲಿ ಗೊಂದಲ ಖಚಿತ. ಪಾಸ್‌ವರ್ಡನ್ನೇ ಕೇಳದ ಪಾಸ್‌ಕೀಗಳನ್ನು ಕೀಯಲ್ಲೇ ಇಡುವುದಾದರೆ ಜಾಗದ ಮಿತಿಯೂ ಉಂಟು. ಬಹಳವಾಗಿ ಬಳಕೆಯಲ್ಲಿರುವ ಒಂದು ಮಾದರಿಯ ಹಳೆಯ ಆವೃತ್ತಿಗಳಲ್ಲಿ 25ಕ್ಕಿಂತ ಹೆಚ್ಚು ಹಿಡಿಸುತ್ತಿರಲಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ತಾಣ, ಕೀ ಇಲ್ಲವೇ ಎಂದು ಕೇಳಿ, ಇಲ್ಲವೆಂದರೆ ಮೊಬೈಲಿಗೆ ಎಸ್‌ಎಂಎಸ್ ಕಳುಹಿಸಿ ಒಳಬಿಟ್ಟಿತು. ಮುಂಬಾಗಿಲಿಗೆ ಉಕ್ಕಿನ ಅಗುಳಿ ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟಂತೆ. ಟೆಲಿಫೋನ್ ಜಾಲದ ಮೂಲಕ ಕಳುಹಿಸುವ ಸಂಕೇತಗಳನ್ನು ಅಮೆರಿಕದ ಮಾನಕಗಳ ಸಂಸ್ಥೆಯಾದ ಎನ್‌ಐಎಸ್‌ಟಿ 2017ರ ತನ್ನ ಮಾರ್ಗದರ್ಶಿಯಲ್ಲೇ ನಿರ್ಬಂಧಿತ ವರ್ಗಕ್ಕೆ ಸೇರಿಸಿದೆ. ಎಸ್‌ಎಂಎಸ್ ದಾರಿಯನ್ನು ಮುಚ್ಚಲು ಬಿಡುವ ತಾಣಗಳಲ್ಲಿ ಮುಚ್ಚಿದೆ. ಬಿಡದ ಕಡೆ ಕೀಯನ್ನು ನೋಂದಾಯಿಸುವ ಶ್ರಮವನ್ನೇ ತೆಗೆದುಕೊಳ್ಳಲಿಲ್ಲ.

ಕೀಯನ್ನೇ ಬೇಡದ ಪಾಸ್‌ಕೀಗಳ ಬಗ್ಗೆ ಒಂದು ಮಾತು. 2022ರ ಮೇ ತಿಂಗಳಲ್ಲಿ ಆ್ಯಪಲ್, ಗೂಗಲ್ ಮತ್ತು ಮೈಕ್ರೋಸಾಫ್ಟ್ ಕಂಪನಿಗಳು ಒಟ್ಟಾಗಿ ಇವುಗಳಿಗೆ ಬೆಂಬಲ ಘೋಷಿಸಿದ ಮೇಲೆ ಮನೆಮಂದಿಗೆ ಇದೇ ಸುಲಭದ ದಾರಿಯಾಗಿದೆ. ತತ್ತ್ವ ಸೆಕ್ಯುರಿಟಿ ಕೀಯದೇ, ಖಾಸಗಿ ಕೀಲಿ ಮಾತ್ರ ಮೊಬೈಲಿನಲ್ಲೋ ತಂತ್ರಾಂಶದಲ್ಲೋ ಇದ್ದು ಸಾಧನದಿಂದ ಸಾಧನಕ್ಕೆ ಹೋಗಬಲ್ಲದು. ಕೀಪಾಸ್‌ಎಕ್ಸ್‌ಸಿ ಕೂಡ 2024ರ ಮಾರ್ಚ್‌ನ 2.7.7 ಆವೃತ್ತಿಯಿಂದ ಪಾಸ್‌ಕೀಗಳನ್ನು ಇಡುತ್ತದೆ. ಮನೆಯ ಇನ್ನಿಬ್ಬರು ಈಗ ಹೆಚ್ಚಿನ ತಾಣಗಳಲ್ಲಿ ಇವನ್ನೇ ಬಳಸುತ್ತಾರೆ, ನಾನೇನೂ ಆಕ್ಷೇಪಿಸಿಲ್ಲ.

ಇಮೇಲ್ ಸಹಿ: ಅತಿ ಹೆಚ್ಚು ಶ್ರಮ

ಇನ್ನು ನನಗೆ ಅತ್ಯಂತ ಪ್ರಿಯವಾಗಿದ್ದ, ಅತ್ಯಂತ ನಿರಾಶೆ ತಂದ ಭಾಗ. ಮೇಲಿನ ಸಾಧನಗಳೆಲ್ಲ ನಾನು ಯಾರೆಂದು ತಾಣಕ್ಕೆ ತೋರಿಸುತ್ತವೆ. ನಾನು ಯಾರೆಂದು ಇನ್ನೊಬ್ಬ ಮನುಷ್ಯನಿಗೆ ತೋರಿಸಲು ಇರುವುದು ಡಿಜಿಟಲ್ ಸಹಿ. ಫಿಲ್ ಜಿಮರ್‌ಮನ್ 1991ರಲ್ಲಿ ಪಿಜಿಪಿ ಎಂಬ ಸಹಿ ಮತ್ತು ಗೂಢಲಿಪಿಯ ತಂತ್ರಾಂಶವನ್ನು ಹೊರತಂದಾಗಿನಿಂದ ಇದು ಸಾಮಾನ್ಯ ಬಳಕೆದಾರನ ಕೈಗೆಟಕುವ ದೂರದಲ್ಲೇ ಇದೆ, ಆದರೂ ಕೈಗೆ ಬಂದಿಲ್ಲ. 1999ರಲ್ಲಿ ಸಂಶೋಧಕರಾದ ಆಲ್ಮಾ ವಿಟನ್ ಮತ್ತು ಜೆ. ಡಿ. ಟೈಗರ್ ಹನ್ನೆರಡು ಜನರಿಗೆ ಪಿಜಿಪಿ 5.0 ಕೊಟ್ಟು, ತೊಂಬತ್ತು ನಿಮಿಷಗಳಲ್ಲಿ ಸಹಿ ಮಾಡಿ ಗೂಢಲಿಪಿಗೊಳಿಸಿದ ಸಂದೇಶವನ್ನು ಕಳುಹಿಸಲು ಹೇಳಿದಾಗ ಯಶಸ್ವಿಯಾದವರು ಮೂರರಲ್ಲಿ ಒಂದು ಪಾಲು ಮಾತ್ರ. ಮೂವರು ಗುಟ್ಟಾಗಿರಬೇಕಾದ ಸಂದೇಶವನ್ನು ಬಯಲಾಗಿಯೇ ಕಳುಹಿಸಿಬಿಟ್ಟಿದ್ದರು. ಇಪ್ಪತ್ತೈದು ವರ್ಷಗಳಾದವು, ಈಗ ಸುಲಭವಾಗಿರಬೇಕೆಂದು ನಾನು ಕುಳಿತೆ.

ಪಿಜಿಪಿಯ ಮುಕ್ತ ರೂಪವಾದ ಗ್ನೂಪಿಜಿಯಲ್ಲಿ ಎಡ್25519 ಮಾದರಿಯ ಒಂದು ಮುಖ್ಯ ಕೀಲಿಯನ್ನು ರಚಿಸಿ, ಅದಕ್ಕೆ ಇತರ ಕೀಲಿಗಳನ್ನು ದೃಢೀಕರಿಸುವ ಅಧಿಕಾರವನ್ನಷ್ಟೇ ಕೊಟ್ಟು, ಸಹಿಗೆ, ಗೂಢಲಿಪಿಗೆ, ಪ್ರವೇಶಕ್ಕೆ ಮೂರು ಉಪಕೀಲಿಗಳನ್ನು ಮಾಡಿದೆ. ಮುಖ್ಯ ಕೀಲಿ ಪೆನ್ ಡ್ರೈವಿನಲ್ಲಿ ಬೀರುವಿಗೆ, ಉಪಕೀಲಿಗಳು ಸೆಕ್ಯುರಿಟಿ ಕೀಯೊಳಗೆ ಪಿಜಿಪಿ ಕೀಲಿಗಳಿಗೆಂದೇ ಇರುವ ಓಪನ್‌ಪಿಜಿಪಿ ಕಾರ್ಡ್ ಎಂಬ ಭಾಗಕ್ಕೆ ಎಂಬುದು ಯೋಜನೆ. ಕಾರ್ಡಿನ ಪೂರ್ವನಿಗದಿತ ಪಿನ್ 123456, ಆಡಳಿತ ಪಿನ್ 12345678. ಎರಡನ್ನೂ ಮೊದಲು ಬದಲಿಸಿದೆ. ಆಮೇಲೆ ಉಪಕೀಲಿಗಳನ್ನು ಕಾರ್ಡಿಗೆ ಕಳುಹಿಸಿ, ಬದಲಾವಣೆಗಳನ್ನು ಉಳಿಸಿ, ಬ್ಯಾಕಪ್ ತೆಗೆಯಲು ಹೋದೆ. ಈ ಕ್ರಮದಲ್ಲೇ ತಪ್ಪಿತ್ತು. ಕಾರ್ಡಿಗೆ ಕಳುಹಿಸುವ ಆದೇಶ ಕೀಲಿಯ ನಕಲು ಮಾಡುವುದಿಲ್ಲ, ಕೀಲಿಯನ್ನೇ ಸಾಗಿಸುತ್ತದೆ. ಉಳಿಸಿದೊಡನೆ ಡಿಸ್ಕಿನಲ್ಲಿ ‘ಈ ಕೀಲಿ ಕಾರ್ಡಿನಲ್ಲಿದೆ’ ಎಂಬ ಗುರುತಷ್ಟೇ ಉಳಿಯುತ್ತದೆ. ನಾನು ಶ್ರದ್ಧೆಯಿಂದ ಎರಡು ಪೆನ್ ಡ್ರೈವುಗಳಿಗೆ ಬ್ಯಾಕಪ್ ಮಾಡಿದ್ದು ಆ ಗುರುತನ್ನು. ಕಾರ್ಡ್ ಕಳೆದರೆ ಹಳೆಯ ಗೂಢ ಪತ್ರಗಳೆಲ್ಲ ಶಾಶ್ವತವಾಗಿ ಮುಚ್ಚಿಹೋಗುತ್ತಿದ್ದವು. ಅದೃಷ್ಟಕ್ಕೆ ಅಂಥ ಪತ್ರ ಒಂದೂ ಬಂದಿರಲಿಲ್ಲ. ಎಲ್ಲವನ್ನೂ ಅಳಿಸಿ, ಈ ಸಲ ಮೊದಲು ಬ್ಯಾಕಪ್, ಬ್ಯಾಕಪ್ಪಿನಿಂದ ಇನ್ನೊಂದು ಯಂತ್ರದಲ್ಲಿ ಮರಳಿ ತೆರೆದು ಪರೀಕ್ಷೆ, ನಂತರ ಕಾರ್ಡು ಎಂಬ ಕ್ರಮದಲ್ಲಿ ಮತ್ತೆ ಮಾಡಿದೆ. ಕೀಲಿಯನ್ನು ರದ್ದುಪಡಿಸುವ ಪತ್ರವನ್ನೂ ಮುದ್ರಿಸಿಟ್ಟೆ. ಎರಡು ವಾರಾಂತ್ಯಗಳು ಮುಗಿದವು.

ಮುಂದಿನ ನಾಲ್ಕು ತಿಂಗಳು ನಾನು ಬರೆದ ಪ್ರತಿ ಪತ್ರಕ್ಕೂ ಸಹಿ ಹೋಯಿತು. ಆರು ಜನ, ಇದೇನು ಈ ಲಗತ್ತು, ತೆರೆಯಲು ಬರುತ್ತಿಲ್ಲ ಎಂದು ಕೇಳಿದರು. ಒಬ್ಬ ಹಿರಿಯರು ವೈರಸ್ ಎಂದು ಭಾವಿಸಿ ಪತ್ರವನ್ನೇ ಅಳಿಸಿ, ದಯವಿಟ್ಟು ಕಂಪ್ಯೂಟರನ್ನು ಯಾರಿಗಾದರೂ ತೋರಿಸಿ ಎಂದು ಫೋನ್ ಮಾಡಿ ಕಾಳಜಿ ತೋರಿದರು. ಸಹಿಯನ್ನು ನಿಜವಾಗಿ ಪರಿಶೀಲಿಸಿದವರು ಒಬ್ಬರೇ, ಅವರು ಮೊದಲಿನಿಂದಲೂ ಗ್ನೂಪಿಜಿ ಬಳಸುವವರು. ಸಾರ್ವಜನಿಕ ಕೀಲಿಯನ್ನು ಹಂಚುವ ಸರ್ವರ್‌ಗಳ ಸ್ಥಿತಿಯೂ ಉತ್ಸಾಹ ತರುವಂಥದ್ದಲ್ಲ. 2019ರಲ್ಲಿ ಪಿಜಿಪಿ ವಲಯದ ಇಬ್ಬರು ಪ್ರಮುಖ ಕಾರ್ಯಕರ್ತರ ಕೀಲಿಗಳಿಗೆ ಯಾರೋ ಲಕ್ಷಕ್ಕೂ ಮೀರಿದ ಕಸದ ಸಹಿಗಳನ್ನು ಅಂಟಿಸಿ, ಅವುಗಳನ್ನು ತರಿಸಿಕೊಂಡವರ ಗ್ನೂಪಿಜಿ ಕೆಲಸವೇ ಮಾಡದಂತೆ ಮಾಡಿದ್ದರು.

ಇಮೇಲ್ ಸಹಿಯ ಇನ್ನೊಂದು ವಿಧಾನವಾದ ಎಸ್‌/ಮೈಮ್‌ನ ಪ್ರಮಾಣಪತ್ರವನ್ನೂ ಪ್ರಯತ್ನಿಸಿದೆ. ಅಲ್ಲಿ ಲಗತ್ತಿನ ಗೊಂದಲ ಕಡಿಮೆ, ಬಹಳಷ್ಟು ಮೇಲ್ ತಂತ್ರಾಂಶಗಳು ಸಹಿಯನ್ನು ತಾವೇ ಗುರುತಿಸುತ್ತವೆ. ಆದರೆ ಪ್ರಮಾಣಪತ್ರಕ್ಕೆ ಅವಧಿ ಇರುತ್ತದೆ, ಮುಗಿದಾಗ ಹೊಸದನ್ನು ಪಡೆಯಬೇಕು. ಹೊಸದು ಬಂತೆಂದು ಹಳೆಯ ಖಾಸಗಿ ಕೀಲಿಯನ್ನು ಎಸೆದರೆ ಅದರಿಂದ ಮುಚ್ಚಿದ್ದ ಹಳೆಯ ಪತ್ರಗಳನ್ನು ಮತ್ತೆ ಓದಲಾಗದು. ಹತ್ತು ವರ್ಷ ಬಳಸಿದವರು ಹತ್ತು ಕೀಲಿಗಳನ್ನು ಜೋಪಾನ ಮಾಡುತ್ತಿರಬೇಕಾದೀತು. ಇಷ್ಟಾಗಿಯೂ ಪತ್ರ ಯಾರಿಂದ ಯಾರಿಗೆ ಹೋಯಿತೆಂಬುದು ಎರಡೂ ವಿಧಾನಗಳಲ್ಲಿ ಬಯಲಾಗಿಯೇ ಇರುತ್ತದೆ, ಬಹುತೇಕ ಸಂದರ್ಭಗಳಲ್ಲಿ ವಿಷಯದ ಸಾಲು ಕೂಡ.

ನನ್ನ ತೀರ್ಮಾನ ಇಲ್ಲಿಗೆ ಗಟ್ಟಿಯಾಯಿತು. ತಾಣಕ್ಕೆ ಗುರುತು ತೋರಿಸುವ ಸಾಧನ ನಾನೊಬ್ಬನೇ ಬಳಸಿದರೂ ಫಲ ಕೊಡುತ್ತದೆ, ಏಕೆಂದರೆ ಎದುರಿನ ತಾಣ ಅದನ್ನು ಪರಿಶೀಲಿಸಲು ಮೊದಲೇ ಸಿದ್ಧವಾಗಿದೆ. ಮನುಷ್ಯರಿಗೆ ಗುರುತು ತೋರಿಸುವ ಸಾಧನ ಎದುರಿನವರೂ ಅಷ್ಟೇ ಶ್ರಮಪಟ್ಟರೆ ಮಾತ್ರ ಫಲಿಸುತ್ತದೆ, ಮನೆಯ ಬಳಕೆದಾರನ ಪತ್ರವ್ಯವಹಾರದಲ್ಲಿ ಆ ಎದುರಿನವರು ಇಲ್ಲ. ತೆರಿಗೆಗೋ ಕಚೇರಿಗೋ ಸಹಿಯ ಪ್ರಮಾಣಪತ್ರ ಕಡ್ಡಾಯವಾಗಿದ್ದರೆ ಮಾತು ಬೇರೆ, ಅದು ಆಯ್ಕೆಯ ಪ್ರಶ್ನೆಯಲ್ಲ. ಅಂಥ ವ್ಯವಸ್ಥೆಗಳೂ ಕೆಡುವುದುಂಟು: 2017ರಲ್ಲಿ ಒಂದು ಬಗೆಯ ಚಿಪ್ಪು ಆರ್‌ಎಸ್‌ಎ ಎಂಬ ಮಾದರಿಯ ಕೀಲಿಗಳನ್ನು ದುರ್ಬಲವಾಗಿ ಹುಟ್ಟಿಸುತ್ತದೆಂದು ಪತ್ತೆಯಾದಾಗ ಎಸ್ಟೋನಿಯಾ ದೇಶ ಸುಮಾರು 7.5 ಲಕ್ಷ ಗುರುತಿನ ಕಾರ್ಡುಗಳ ಪ್ರಮಾಣಪತ್ರಗಳನ್ನು ಅಮಾನತಿನಲ್ಲಿಟ್ಟು ನವೀಕರಿಸಬೇಕಾಯಿತು.

ಗ್ನೂಪಿಜಿಯಿಂದ ಒಂದು ಕೆಲಸ ಮಾತ್ರ ದಿನನಿತ್ಯದ್ದಾಗಿ ಉಳಿಯಿತು. ಲಿನಕ್ಸಿನ ಹೊಸ ಆವೃತ್ತಿಯನ್ನು ಇಳಿಸಿಕೊಂಡಾಗ, ಅದರ ತಯಾರಕರು ಹಾಕಿದ ಸಹಿಯನ್ನು ಪರಿಶೀಲಿಸಿಯೇ ಸ್ಥಾಪಿಸುತ್ತೇನೆ. ಸಹಿ ಹಾಕುವವರಾಗಿ ಅಲ್ಲ, ನೋಡುವವರಾಗಿ ನಮಗೆ ಅದರ ಪ್ರಯೋಜನ ಹೆಚ್ಚು.

ಬೇಕೆಂದೇ ಕೆಡಿಸಿ ನೋಡಿದ್ದು

ಐದನೆಯ ತಿಂಗಳಲ್ಲಿ, ಎಲ್ಲವೂ ಸುಗಮವಾಗಿ ನಡೆಯುತ್ತಿದ್ದಾಗ, ಡೆಸ್ಕ್‌ಟಾಪಿನ ಎಸ್‌ಎಸ್‌ಡಿಯ ಕೇಬಲ್ ಕಿತ್ತೆ. ಖಾಲಿ ಡಿಸ್ಕೊಂದನ್ನು ಹಾಕಿ, ಮೊಬೈಲನ್ನು ಆರಿಸಿ, ದಿನಬಳಕೆಯ ಕೀಯನ್ನು ಇನ್ನೊಬ್ಬರ ಕೈಗೆ ಕೊಟ್ಟು, ಬೀರುವಿನಲ್ಲಿದ್ದ ಲಕೋಟೆಯೊಂದರಿಂದಲೇ ಎಲ್ಲ ಖಾತೆಗಳಿಗೂ ಮರಳಬೇಕೆಂದು ನಿಯಮ ಹಾಕಿಕೊಂಡೆ. ಲಕೋಟೆಯಲ್ಲಿ ಎರಡನೆಯ ಸೆಕ್ಯುರಿಟಿ ಕೀ, ಅದರ ಪಟ್ಟಿ, ಮುಖ್ಯ ಪಾಸ್‌ವರ್ಡ್ ಬರೆದ ಚೀಟಿ ಇದ್ದವು.

ಮೊದಲ ಪ್ರಯತ್ನ ನಲವತ್ತು ನಿಮಿಷದಲ್ಲಿ ನಿಂತುಹೋಯಿತು. ಕೋಶದ ಕಡತದ ಬ್ಯಾಕಪ್ ಆನ್‌ಲೈನ್ ಸಂಗ್ರಹದಲ್ಲಿತ್ತು. ಆ ಸಂಗ್ರಹದ ಪಾಸ್‌ವರ್ಡ್ ಕೋಶದೊಳಗಿತ್ತು. ಅದು ಕೇಳುವ ಆರಂಕಿಯ ಸಂಕೇತವೂ ಕೋಶದಿಂದಲೇ ಬರಬೇಕಿತ್ತು. ಪೆಟ್ಟಿಗೆಯ ಕೀಲಿಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಮುಚ್ಚಿದ್ದೆ. ಪೆನ್ಸಿಲಿನ ಬಾಣಗಳಲ್ಲಿ ಇಂಥದೇ ಸುತ್ತನ್ನು ಕಂಡು ನಕ್ಕವನು, ಐದು ತಿಂಗಳಲ್ಲಿ ಅದನ್ನೇ ಇನ್ನೊಂದು ರೂಪದಲ್ಲಿ ಕಟ್ಟಿದ್ದೆ. ಕೇಬಲ್ ಮರಳಿ ಜೋಡಿಸಿ, ಕೋಶದ ಒಂದು ಪ್ರತಿಯನ್ನು ಪೆನ್ ಡ್ರೈವಿಗೆ ಹಾಕಿದೆ. ಇಮೇಲ್ ಖಾತೆಗಳು ಕೊಡುವ ಒಂದೇ ಸಲ ಬಳಸಬಹುದಾದ ಮರುಪಡೆಯುವ ಸಂಕೇತಗಳನ್ನು ಕಾಗದಕ್ಕೆ ಮುದ್ರಿಸಿದೆ. ಕೀಪಾಸ್‌ಎಕ್ಸ್‌ಸಿ ಮೊದಲೇ ಇರುವ, ಪೆನ್ ಡ್ರೈವಿನಿಂದಲೇ ಏಳುವ ಲಿನಕ್ಸ್ ಒಂದನ್ನೂ ಸಿದ್ಧಪಡಿಸಿದೆ. ಮುಖ್ಯ ಪಾಸ್‌ವರ್ಡಿನ ಚೀಟಿಯೂ ಕೋಶದ ಪ್ರತಿಯೂ ಒಂದೇ ಲಕೋಟೆಯಲ್ಲಿದ್ದರೆ ಲಕೋಟೆ ಕದ್ದವನಿಗೆ ಸಕಲವೂ ಸಿಕ್ಕಂತಾಗುವುದರಿಂದ, ಚೀಟಿಯನ್ನು ಬೇರೆ ಜಾಗಕ್ಕೆ ಸಾಗಿಸಿದೆ. ಎರಡನೆಯ ಪ್ರಯತ್ನ ಒಂದು ಗಂಟೆ ನಲವತ್ತು ನಿಮಿಷದಲ್ಲಿ ಮುಗಿಯಿತು.

ಮೂರನೆಯ ಪ್ರಯತ್ನವನ್ನು ನಾನು ಮಾಡಲಿಲ್ಲ. ಮನೆಯಾಕೆಯ ಕೈಗೆ ಲಕೋಟೆಯನ್ನೂ ನಾನು ಬರೆದ ಎರಡು ಪುಟಗಳ ಸೂಚನೆಯನ್ನೂ ಕೊಟ್ಟು, ಏನೇ ಆದರೂ ಬಾಯಿಬಿಡುವುದಿಲ್ಲವೆಂದು ಹೇಳಿ ಪಕ್ಕದಲ್ಲಿ ಕುಳಿತೆ. ನಾನೇ ಇಲ್ಲದ ದಿನಕ್ಕೂ ಈ ವ್ಯವಸ್ಥೆ ಉಪಯೋಗಕ್ಕೆ ಬರಬೇಕಲ್ಲವೇ? ‘ಪೆನ್ ಡ್ರೈವಿನಿಂದ ಬೂಟ್ ಮಾಡಿ’ ಎಂಬ ಮೂರನೆಯ ಸಾಲಿಗೇ ಕೆಲಸ ನಿಂತಿತು. ‘ಬೂಟ್ ಮಾಡಿ ಅಂತ ಬರೆದಿದ್ದೀರಿ, ಯಾವ ಗುಂಡಿ ಒತ್ತಬೇಕು ಅಂತ ಬರೆದಿಲ್ಲವಲ್ಲ’ ಎಂದಳು. ನನ್ನ ಸೂಚನೆಗಳಲ್ಲಿ ಇಂಥ ಒಂಬತ್ತು ಜಾಗಗಳು ಸಿಕ್ಕವು. ಒಂದು ಕಡೆಯಂತೂ ‘ಎಂದಿನಂತೆ ತೆರೆಯಿರಿ’ ಎಂದಷ್ಟೇ ಬರೆದಿದ್ದೆ. ಅವಳೇ ಕೆಂಪು ಪೆನ್ನಿನಲ್ಲಿ ತಿದ್ದಿದ ಪ್ರತಿಯನ್ನು ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿದೆವು. ಮುಂದಿನ ವಾರ ಅದೇ ಪ್ರತಿಯನ್ನು ಹಿಡಿದು, ನಾನು ಕೋಣೆಯಲ್ಲಿಲ್ಲದಾಗ, ಎರಡು ಗಂಟೆ ಹತ್ತು ನಿಮಿಷದಲ್ಲಿ ಎಲ್ಲ ಮುಖ್ಯ ಖಾತೆಗಳಿಗೂ ಮರಳಿದಳು.

ಈಗಿನ ಸ್ಥಿತಿ

ಪಾಸ್‌ವರ್ಡ್ ಕೋಶ, ಪಾಸ್‌ಕೀಗಳು, ಆಯ್ದ ಐದು ಖಾತೆಗಳಿಗೆ ಸೆಕ್ಯುರಿಟಿ ಕೀ ಉಳಿದಿವೆ. ಪಿಜಿಪಿ ಉಪಕೀಲಿಗಳ ಅವಧಿ ಮುಗಿಯಲು ಬಿಟ್ಟಿದ್ದೇನೆ, ಎಸ್‌/ಮೈಮ್ ಪ್ರಮಾಣಪತ್ರವನ್ನು ನವೀಕರಿಸಲಿಲ್ಲ. ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ಬಿದ್ದಿರುವ ಪೆನ್ ಡ್ರೈವನ್ನು ನಂಬಲಾಗದು ಎಂಬ ಕಾರಣಕ್ಕೆ ಆರು ತಿಂಗಳಿಗೊಮ್ಮೆ ಕೋಶದ ಹೊಸ ಪ್ರತಿಯನ್ನು ಬರೆದು, ತೆರೆದು ನೋಡಿ, ಲಕೋಟೆಯ ಮೇಲೆ ದಿನಾಂಕ ಹಾಕುವ ಕ್ರಮ ಇಟ್ಟುಕೊಂಡಿದ್ದೇವೆ. ಕೀ, ಪಟ್ಟಿ, ಪೆನ್ ಡ್ರೈವ್, ಕೆಂಪು ತಿದ್ದುಪಡಿಗಳ ಸೂಚನೆ, ಇವುಗಳ ಜೊತೆಗೆ ಆ ಲಕೋಟೆಯಲ್ಲಿ ಈಗ ಪ್ಯಾಕೆಟ್ ಒಡೆಯದ ಒಂದು ಸಿಆರ್2032 ಸೆಲ್ಲೂ ಇದೆ.